ಬೀದಿಗೆ ಬೆನ್ನು ಮಾಡಿದ ಮನೆಗಳು

ರಾಯಚೂರಿನ ಹೊಸ ಬಡಾವಣೆಗಳಲ್ಲಿ ಮನೆಗಿಂತ ಮೊದಲು ಕಾಂಪೌಂಡ್ ಏಳುತ್ತದೆ. ಆಳೆತ್ತರದ ಗೋಡೆ, ಮೇಲೆ ಗಾಜಿನ ಚೂರು, ತಗಡು ಬಡಿದ ಗೇಟು. ಕಳ್ಳರ ಭಯಕ್ಕೆ ಇಷ್ಟೆಲ್ಲ ಖರ್ಚು. ನನಗೆ ಕಾಣುವಂತೆ ಇದರಿಂದ ಅನುಕೂಲ ಕಳ್ಳನಿಗೇ. ಒಮ್ಮೆ ಗೋಡೆ ಹಾರಿದವನು ಹಾರೆಯಿಂದ ಬಾಗಿಲ ಕೊಂಡಿ ಮೀಟುತ್ತ ಕೂತರೂ ಬೀದಿಯಲ್ಲಿ ಹೋಗುವವರಿಗೆ ಗೊತ್ತಾಗುವುದಿಲ್ಲ. ಇದೇ ಊರಿನ ಕೋಟೆ 1294ರ ಶಾಸನ ಹೊತ್ತು ನಿಂತಿದೆ. ಅದರ ಕಲ್ಲುಗೋಡೆಗೂ ಬಲ ಬಂದದ್ದು ಕೊತ್ತಲದ ಮೇಲೆ ಕಾವಲಿನವರು ಇದ್ದುದರಿಂದ.

ಮಾನ್ವಿ, ದೇವದುರ್ಗದ ಹಳೆಯ ಓಣಿಗಳ ಲೆಕ್ಕ ಬೇರೆ. ಬಾಗಿಲ ಪಕ್ಕದ ಕಟ್ಟೆ ಎದುರು ಮನೆಯ ಕಟ್ಟೆಗೆ ಮುಖಾಮುಖಿ. ಸಂಜೆ ಹಿರಿಯರು ಕೂತಿದ್ದರೆ ಹೊಸ ಮುಖಕ್ಕೆ “ಯಾರ ಮನಿಗಿ ಬಂದೀರಿ?” ಎಂಬ ಪ್ರಶ್ನೆ ತಪ್ಪದು. ದಪ್ಪ ಕಟ್ಟಿಗೆಯ ಬಾಗಿಲು. ರಾತ್ರಿ ಅದರ ಹಿಂದೆ ಗೋಡೆಯಿಂದ ಗೋಡೆಗೆ ಅಡ್ಡ ಕೂರುವ ಅಗಳಿ. ಹೊರಗಿನಿಂದ ಮೀಟಲು ಏನೂ ಸಿಗುವುದಿಲ್ಲ.

ವಾಸ್ತುಶಿಲ್ಪಿ ಆಸ್ಕರ್ ನ್ಯೂಮನ್ 1972ರ ತಮ್ಮ ಪುಸ್ತಕದಲ್ಲಿ ನ್ಯೂಯಾರ್ಕಿನ ಎರಡು ಸರ್ಕಾರಿ ವಸತಿಗಳನ್ನು ಹೋಲಿಸಿದರು. ಬ್ರೌನ್ಸ್‌ವಿಲ್‌ನ ಕಟ್ಟಡಗಳು ತಗ್ಗು, ಎದುರಿನ ವ್ಯಾನ್ ಡೈಕ್‌ನವು ಬಹುತೇಕ 14 ಅಂತಸ್ತು. ಎರಡೂ ಕಡೆ ಬಡವರೇ, ಜನದಟ್ಟಣೆಯೂ ಹೆಚ್ಚುಕಡಿಮೆ ಒಂದೇ. ಅಪರಾಧ ಹೆಚ್ಚಿದ್ದದ್ದು ಎತ್ತರದ ಕಟ್ಟಡಗಳಲ್ಲಿ. ಮೆಟ್ಟಿಲು, ಅಂಗಳ ನಮ್ಮವು ಎಂದು ಜನರಿಗೆ ಅನಿಸಬೇಕು, ಅವು ಕಣ್ಣಿಗೂ ಬೀಳಬೇಕು ಎಂಬುದು ಅವರ ವಾದ. ನಮ್ಮ ಕಟ್ಟೆ ಮಾಡುತ್ತಿದ್ದ ಕೆಲಸವೂ ಇದೇ.

ಹಾಗೆಂದು ಹಳೆಯದನ್ನು ಹೊಗಳಿ ಸುಮ್ಮನಾಗಲಾರೆ. ಮಣ್ಣಿನ ಗೋಡೆಗೆ ಕನ್ನ ಹಾಕುವುದು ಕಷ್ಟವಿರಲಿಲ್ಲ. ಕಟ್ಟೆಯ ಮೇಲಿನ ಕಣ್ಣು ಹೆಣ್ಣುಮಕ್ಕಳ ಓಡಾಟವನ್ನೂ ಎಣಿಸುತ್ತದೆ. ಹೊರಗಿನವರು ಯಾರೆಂಬುದನ್ನು ಎಷ್ಟೋ ಸಲ ಜಾತಿ ನೋಡಿ ನಿರ್ಧರಿಸುತ್ತದೆ. ಇಂಥ ಕಾವಲನ್ನು ಸುರಕ್ಷತೆ ಎಂದು ಕರೆಯಲು ನನಗೆ ಮನಸ್ಸು ಬಾರದು.

ಇನ್ನು ಗುಳೆ. ಸುಗ್ಗಿ ಮುಗಿದರೆ ಈ ತಾಲೂಕುಗಳ ಎಷ್ಟೋ ಕುಟುಂಬಗಳು ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಹೊರಡುತ್ತವೆ. ಸಾಲಾಗಿ ಬೀಗ ಬಿದ್ದ ಓಣಿಯಲ್ಲಿ ಕಟ್ಟೆ ಇದ್ದರೂ ಕೂರುವವರಿಲ್ಲ. ಆಗ ಭಾರವೆಲ್ಲ ಬಾಗಿಲ ಮೇಲೆ. ಬಸವ ವಸತಿಯಂಥ ಯೋಜನೆಯ ಮನೆಗಳಲ್ಲಿ ಗಟ್ಟಿ ಚೌಕಟ್ಟು, ಒಳಗೇ ಕೂತ ಬೀಗ, ಬೀದಿಗೆ ತೆರೆದ ಕಟ್ಟೆ ಇವಿಷ್ಟನ್ನು ಮೊದಲು ಕೊಡಬೇಕು. ನಗರದಲ್ಲಿ ಮನೆ ಕಟ್ಟುವವರು ಕಾಂಪೌಂಡನ್ನು ಸೊಂಟದ ಮಟ್ಟಕ್ಕೆ ನಿಲ್ಲಿಸಿ ಮೇಲೆ ಗ್ರಿಲ್ ಹಾಕಿಸಲಿ. ಉಳಿದ ದುಡ್ಡಿನಲ್ಲಿ, ಹೊರಮೆಟ್ಟಿಲು ಹತ್ತಿದವರಿಗೆ ಮೊದಲು ಸಿಗುವ ಮಾಳಿಗೆಯ ತಗಡಿನ ಬಾಗಿಲನ್ನು ಬದಲಿಸಲಿ.