ಕೇಳಿಸಿಕೊಳ್ಳುವ ಮುಖ

‘ಎಸ್ ಮಿನಿಸ್ಟರ್’ ಎಂಬ ಬ್ರಿಟಿಷ್ ಟಿವಿ ಹಾಸ್ಯ ಸರಣಿಯನ್ನು ನೋಡಿದ ಯಾರನ್ನೇ ಕೇಳಿ, ಅವರಿಗೆ ಮೊದಲು ನೆನಪಾಗುವುದು ಮಂತ್ರಿಯ ಹಿರಿಯ ಅಧಿಕಾರಿ ಸರ್ ಹಂಫ್ರಿಯ ಉಸಿರುಗಟ್ಟಿಸುವ ಮಾತು. ಒಂದೇ ವಾಕ್ಯದಲ್ಲಿ ಹತ್ತು ಉಪವಾಕ್ಯಗಳನ್ನು ಹೆಣೆದು, ಕೊನೆಗೆ ಏನನ್ನೂ ಹೇಳದೆ ಮುಗಿಸುವ ಆ ವಿದ್ಯೆಗಾಗಿ ಹಂಫ್ರಿಯಾದ ನೈಜಲ್ ಹಾಥಾರ್ನ್‌ಗೆ ನಾಲ್ಕು ಬಾರಿ ಬಾಫ್ಟಾ ಪ್ರಶಸ್ತಿ ಬಂತು. ಎದುರಿಗೆ ಮಂತ್ರಿಯಾಗಿ ಕೂತು ಅಷ್ಟನ್ನೂ ಕೇಳಿಸಿಕೊಂಡ ಪಾಲ್ ಎಡಿಂಗ್ಟನ್‌ಗೆ ಆ ಪಾತ್ರಕ್ಕೆ ಒಂದು ಬಾರಿಯೂ ಬರಲಿಲ್ಲ. ಹಾಥಾರ್ನ್ ದೊಡ್ಡ ನಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸರಣಿಯ ನಗೆಯ ಬಹುಪಾಲು ಹುಟ್ಟುವುದು ಎಡಿಂಗ್ಟನ್ನನ ಮುಖದಲ್ಲಿ ಎಂದೇ ನನ್ನ ನಂಬಿಕೆ.

ಹಂಫ್ರಿ ಬಾಯಿ ತೆರೆದಾಗ ಮಂತ್ರಿ ಜಿಮ್ ಹ್ಯಾಕರ್‌ನ ಮುಖವನ್ನೇ ನೋಡುತ್ತಾ ಹೋಗಿ. ಮೊದಲು ಕಾಣುವುದು ಗಮನ. ‘ಇದು ನನಗೆ ಅರ್ಥವಾಗುವ ವಿಷಯವೇ’ ಎಂಬ ಧೈರ್ಯ ಹುಬ್ಬಿನಲ್ಲಿ ಇರುತ್ತದೆ. ಮೂರನೆಯ ಉಪವಾಕ್ಯ ಬರುವಷ್ಟರಲ್ಲಿ ಕಣ್ಣು ಮಾತಿನ ಬಾಲ ಹಿಡಿಯಲು ಒದ್ದಾಡುತ್ತದೆ. ಆರನೆಯದಕ್ಕೆ ತುಟಿ ಸ್ವಲ್ಪ ತೆರೆದು, ಏನೋ ಹೇಳಲು ಹೊರಟು, ಮತ್ತೆ ಮುಚ್ಚಿಕೊಳ್ಳುತ್ತದೆ. ಕೊನೆಗೆ ತಾನು ಮಂತ್ರಿ ಎಂಬುದು ನೆನಪಾಗಿ, ತಿಳಿದವನಂತೆ ತಲೆಯಾಡಿಸುತ್ತಾನೆ. ಸ್ಟುಡಿಯೋದ ಪ್ರೇಕ್ಷಕರು ಎಷ್ಟೋ ಸಲ ನಕ್ಕು ಸಿಡಿಯುವುದು ಕ್ಯಾಮೆರಾ ಈ ಮುಖಕ್ಕೆ ತಿರುಗಿದ ಮೇಲೆ. ಎದುರಿಗೆ ಈ ಮುಖ ಇಲ್ಲದಿದ್ದರೆ ಹಂಫ್ರಿಯ ಮಾತು ಬರೀ ಕಂಠಪಾಠದ ಸಾಹಸವಾಗಿ ಉಳಿಯುತ್ತಿತ್ತು.

1980ರ ಫೆಬ್ರುವರಿಯಲ್ಲಿ ಶುರುವಾಗಿ 1988ರವರೆಗೆ, ಅದರ ಮುಂದುವರಿಕೆಯಾದ ‘ಎಸ್, ಪ್ರೈಮ್ ಮಿನಿಸ್ಟರ್’ ಸೇರಿ 38 ಕಂತುಗಳು. ಬರೆದವರು ಆ್ಯಂಟನಿ ಜೇ ಮತ್ತು ಜೋನಾಥನ್ ಲಿನ್. ಹ್ಯಾಕರ್‌ನನ್ನು ಬರೀ ದಡ್ಡನನ್ನಾಗಿ ಆಡುವುದು ಸುಲಭವಿತ್ತು. ಬರವಣಿಗೆಯೇ ಅಲ್ಲಲ್ಲಿ ಆ ಕಡೆಗೆ ಎಳೆಯುತ್ತದೆ. ಎಡಿಂಗ್ಟನ್ ಹಾಗೆ ಮಾಡಲಿಲ್ಲ. ಅವನ ಹ್ಯಾಕರ್‌ಗೆ ಜಂಬವಿದೆ, ಪುಕ್ಕಲುತನವಿದೆ, ನಾಳೆಯ ಪತ್ರಿಕೆಯ ಭಯವಿದೆ. ಇವೆಲ್ಲದರ ಅಡಿಯಲ್ಲಿ ಒಳ್ಳೆಯದನ್ನು ಮಾಡಬೇಕೆಂಬ ನಿಜವಾದ ಆಸೆಯೂ ಇದೆ. ದೇಶ, ಚರಿತ್ರೆ ಎಂಬ ಮಾತು ಬಂದರೆ ಸಾಕು, ದನಿ ದಪ್ಪವಾಗಿ, ಗದ್ದ ಮುಂದೆ ಬಂದು, ಚರ್ಚಿಲ್ ಮೈಮೇಲೆ ಬಂದಂತಾಗುತ್ತದೆ. ಮರುಕ್ಷಣವೇ ಯಾರೋ ಒಂದು ಪ್ರಶ್ನೆ ಕೇಳುತ್ತಾರೆ, ಚರ್ಚಿಲ್ ಇಳಿದುಹೋಗುತ್ತಾನೆ. ಏರುವುದೂ ಇಳಿಯುವುದೂ ಅಷ್ಟು ಸಲೀಸಾಗಿ ನಡೆಯುವುದರಿಂದಲೇ ನಮಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ.

ಎಡಿಂಗ್ಟನ್ನನ ಕಸುಬು ಅತ್ಯಂತ ಎತ್ತರಕ್ಕೆ ಹೋದದ್ದು ‘ದಿ ವಿಸ್ಕಿ ಪ್ರೀಸ್ಟ್’ ಎಂಬ ಕಂತಿನಲ್ಲಿ. ಬ್ರಿಟನ್ನಿನಲ್ಲಿ ತಯಾರಾದ ಆಯುಧಗಳು ಇಟಲಿಯ ಭಯೋತ್ಪಾದಕರ ಕೈ ಸೇರುತ್ತಿವೆ ಎಂದು ಸೇನಾಧಿಕಾರಿಯೊಬ್ಬ ಹ್ಯಾಕರ್‌ಗೆ ತಿಳಿಸುತ್ತಾನೆ. ಹ್ಯಾಕರ್ ಕೆರಳುತ್ತಾನೆ. ಸರ್ಕಾರಕ್ಕೂ ನೀತಿಗೂ ಏನು ಸಂಬಂಧ ಎನ್ನುವ ಹಂಫ್ರಿಯ ಮುಂದೆ ನಿಂತು ಅವನು ವಾದ ಮಾಡುವಾಗ ಎಡಿಂಗ್ಟನ್ ಹಾಸ್ಯದ ಸೋಂಕೇ ಇಲ್ಲದೆ ಆಡುತ್ತಾನೆ. ಆ ಕೆಲವು ನಿಮಿಷ ಹ್ಯಾಕರ್ ನಿಜಕ್ಕೂ ದೊಡ್ಡವನಾಗಿ ಕಾಣುತ್ತಾನೆ. ಆಮೇಲೆ ಪಕ್ಷದ ಮುಖ್ಯ ಸಚೇತಕ ಬಂದು ರಾಜಕೀಯದ ಲೆಕ್ಕ ತಿಳಿಸುತ್ತಾನೆ. ಸೋತ ಹ್ಯಾಕರ್, ಪ್ರಧಾನಿಗೆ ವಿಷಯ ತಿಳಿಸಿಯೂ ತಿಳಿಸದಂತಿರುವ ಒಂದು ಪತ್ರಕ್ಕೆ ಒಪ್ಪಿಕೊಂಡು ಮನೆಗೆ ಹೋಗುತ್ತಾನೆ. ಹೆಂಡತಿ ಆ್ಯನಿಯ ಮುಂದೆ ಕುಡಿಯುತ್ತಾ ಕೂತ ಅವನ ಮುಖದಲ್ಲಿ ನಾಚಿಕೆ ಇದೆ. ತಪ್ಪು ಮಾಡಿದೆ ಎಂದು ಅವನಿಗೆ ಗೊತ್ತು, ನಾಳೆಯೂ ಅದನ್ನೇ ಮಾಡುತ್ತೇನೆ ಎಂದೂ ಗೊತ್ತು. ಬಾಟಲಿ ಖಾಲಿಯಾದಾಗ ಸರ್ಕಾರಿ ಕೆಂಪು ಪೆಟ್ಟಿಗೆಯಿಂದ ಇನ್ನೊಂದು ಹೊರಬರುತ್ತದೆ, ನಾವು ನಗುತ್ತೇವೆ. ಆದರೂ ಆ ನಾಚಿಕೆಯ ಮುಖ ನಗೆಯಲ್ಲಿ ಅಳಿಸಿಹೋಗುವುದಿಲ್ಲ. ರಾಜಕಾರಣಿಯ ಆತ್ಮಸಾಕ್ಷಿಯನ್ನು ಇಷ್ಟು ಹತ್ತಿರದಿಂದ ತೋರಿಸಿದ ಹಾಸ್ಯ ಧಾರಾವಾಹಿ ಬೇರೊಂದನ್ನು ನಾನು ಕಂಡಿಲ್ಲ.

ಎಡಿಂಗ್ಟನ್‌ಗೆ ಆತ್ಮಸಾಕ್ಷಿ ಬರೀ ಅಭಿನಯದ ವಸ್ತುವಾಗಿರಲಿಲ್ಲ. ಯುದ್ಧವನ್ನು ಒಪ್ಪದ ಕ್ರೈಸ್ತ ಪಂಥವಾದ ಕ್ವೇಕರರ ಶಾಲೆಯಲ್ಲಿ ಓದಿ ಬೆಳೆದ ಅವನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಯುಧ ಹಿಡಿಯಲು ಒಪ್ಪಲಿಲ್ಲ. ಆಮೇಲೆ ಬರ್ಮಿಂಗ್‌ಹ್ಯಾಮ್‌ನಂಥ ಊರುಗಳ ರೆಪರ್ಟರಿ ನಾಟಕ ತಂಡಗಳಲ್ಲಿ ವರ್ಷಗಟ್ಟಲೆ ದುಡಿದ. ಮನೆಮಾತಾದದ್ದು 1975ರಲ್ಲಿ, ‘ದಿ ಗುಡ್ ಲೈಫ್’ ಎಂಬ ಹಾಸ್ಯ ಧಾರಾವಾಹಿಯ ನೆರೆಮನೆಯ ಜೆರಿಯಾಗಿ, ಆಗಲೇ ವಯಸ್ಸು ಐವತ್ತಕ್ಕೆ ಹತ್ತಿರ. ಹೆಂಡತಿ ಮಾರ್ಗೊ ಕೂಗಾಡುವಾಗ ಜೆರಿ ಕೇಳಿಸಿಕೊಳ್ಳುವ ರೀತಿಯಲ್ಲೇ ಮುಂದಿನ ಹ್ಯಾಕರ್ ಮೊಳಕೆಯೊಡೆದಿದ್ದಾನೆ.

ಇದೆಲ್ಲದರ ಉದ್ದಕ್ಕೂ ಚರ್ಮದ ಅಪರೂಪದ ಕ್ಯಾನ್ಸರ್ ಅವನ ಜೊತೆಗಿತ್ತು. ದಶಕಗಟ್ಟಲೆ ಅದನ್ನು ಹೊರಗೆ ಹೇಳಲಿಲ್ಲ. ಮುಖದ ಬಣ್ಣವೇ ಬದಲಾಗಿ, ಮುಚ್ಚಿಡಲಾಗದ ಹಂತ ಬಂದ ಮೇಲೆ ತಾನೇ ಬಹಿರಂಗಪಡಿಸಿದ. ಹಾಗಿದ್ದೂ 1994ರಲ್ಲಿ ಹಳೆಯ ಗೆಳೆಯ ರಿಚರ್ಡ್ ಬ್ರೈಯರ್ಸ್ ಜೊತೆ ಡೇವಿಡ್ ಸ್ಟೋರಿಯ ‘ಹೋಮ್’ ನಾಟಕದಲ್ಲಿ ರಂಗಕ್ಕೇರಿದ. 1995ರ ನವೆಂಬರ್ 4ರಂದು, 68ನೇ ವಯಸ್ಸಿನಲ್ಲಿ ತೀರಿಕೊಂಡ. ಅದಕ್ಕೆ ಸ್ವಲ್ಪ ಮೊದಲು ಕೊಟ್ಟ ಟಿವಿ ಸಂದರ್ಶನದಲ್ಲಿ, ತನ್ನಿಂದ ಜಗತ್ತಿಗೆ ಕೆಡುಕಾದದ್ದು ತೀರಾ ಕಡಿಮೆ ಎಂದು ಜನ ನೆನೆದರೆ ಸಾಕು ಎಂಬ ಅರ್ಥದ ಮಾತಾಡಿದ್ದ. ಅದು ವಿನಯದ ಮಾತು ಎಂದು ಹಲವರಿಗೆ ಅನಿಸಿರಬಹುದು. ನನಗೆ ಅದು ಬಹಳ ದೊಡ್ಡ ಆಸೆಯಾಗಿ ಕಾಣುತ್ತದೆ.

ಹ್ಯಾಕರ್‌ನ ಪಾತ್ರವನ್ನು ಬೇರೆಯವರೂ ಆಡಿದ್ದಾರೆ. 2001ರಲ್ಲಿ ಹಿಂದಿಯಲ್ಲಿ ಬಂದ ‘ಜೀ ಮಂತ್ರೀಜಿ’ಯಲ್ಲಿ ಫಾರೂಕ್ ಶೇಖ್ ಮಂತ್ರಿ. ಕತೆಗಳನ್ನು ಹೆಚ್ಚುಕಡಿಮೆ ಹಾಗೆಯೇ ಎತ್ತಿಕೊಂಡದ್ದರಿಂದ ಅನೇಕ ಕಡೆ ದೆಹಲಿಗೆ ಒಗ್ಗದೆ ಸರಣಿ ಎಡವಿತು. ಆದರೆ ಶೇಖ್‌ಗೆ ಕೇಳಿಸಿಕೊಳ್ಳುವ ಗುಟ್ಟು ಗೊತ್ತಿತ್ತು. ಅವನ ಮೃದು ನಗೆಯ ಹಿಂದೆ ಮೋಸಹೋಗುತ್ತಿದ್ದೇನೆಂಬ ಅನುಮಾನ ಸದಾ ಇಣುಕುತ್ತಿತ್ತು. 2013ರಲ್ಲಿ ಅದೇ ಜೇ ಮತ್ತು ಲಿನ್, ಡೇವಿಡ್ ಹೇಗ್ ಎಂಬ ಸಮರ್ಥ ನಟನನ್ನು ಇಟ್ಟುಕೊಂಡು ಬ್ರಿಟನ್ನಿನಲ್ಲೇ ‘ಎಸ್, ಪ್ರೈಮ್ ಮಿನಿಸ್ಟರ್’ ಅನ್ನು ಮತ್ತೆ ತಂದರು. ಒಂದೇ ಸುತ್ತಿಗೆ ಅದು ನಿಂತಿತು. ಹೇಗ್‌ನ ಹ್ಯಾಕರ್ ಆರಂಭದಿಂದಲೇ ಗಾಬರಿಯಲ್ಲಿರುತ್ತಾನೆ. ಮೊದಲೇ ಗಾಬರಿಯಾದವನಿಗೆ ಹಂಫ್ರಿ ಎಷ್ಟು ಮಾತಾಡಿದರೂ ಹೊಸದಾಗಿ ಆಗುವುದೇನಿದೆ? ಎಡಿಂಗ್ಟನ್ ಪ್ರತಿ ಸಲವೂ, ಈ ಬಾರಿ ಅರ್ಥವಾಗುತ್ತದೆ ಎಂಬ ಪೂರ್ತಿ ನಂಬಿಕೆಯಿಂದ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಿದ್ದ.