ನಂದಾರಪದವಿನಿಂದ ನಿಧಾನಕ್ಕೆ

ಕೇರಳದ ಮಲೆನಾಡು ಹೆದ್ದಾರಿ ಶುರುವಾಗುವುದು ನಮ್ಮ ವರ್ಕಾಡಿ ಪಂಚಾಯತಿನ ನಂದಾರಪದವಿನಲ್ಲಿ. ಮುಗಿಯುವುದು ಸಾವಿರಕ್ಕೂ ಮಿಕ್ಕಿದ ಕಿಲೋಮೀಟರ್ ಆಚೆ, ತಿರುವನಂತಪುರ ಜಿಲ್ಲೆಯ ಪಾರಶ್ಶಾಲದಲ್ಲಿ. ದೂರದ ಸೈಕಲ್ ಸವಾರಿಯ ರುಚಿ ಹತ್ತಿಸಿಕೊಳ್ಳಬೇಕೆನ್ನುವವರು ಇಲ್ಲಿಂದಲೇ ಹೊರಡಲಿ ಎಂಬುದು ನನ್ನ ಆಸೆ. ಪಾರಶ್ಶಾಲ ಮುಟ್ಟಬೇಕೆಂದಿಲ್ಲ. ಚೇವಾರಿನವರೆಗಿನ ಮೊದಲ 23 ಕಿ.ಮೀ. ಸಾಕು. ಅದಕ್ಕೆ ಧಾರಾಳವಾಗಿ ಎರಡು ಗಂಟೆ ಕೊಡುವ ಮನಸ್ಸು ಮಾತ್ರ ಬೇಕು.

ಸೈಕಲ್ ಯಾವುದು ಎಂಬ ಚರ್ಚೆಯಲ್ಲಿ ಹೊತ್ತು ಕಳೆಯಬೇಡಿ. ಗೇರ್ ಇರಲಿ, ಬ್ರೇಕ್ ಎರಡೂ ಹಿಡಿಯಲಿ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಕ್ಕೆ ಒತ್ತಿದಾಗ ಕಾಲು ನೆಟ್ಟಗಾಗುವಷ್ಟು ಸೀಟು ಎತ್ತರವಿರಲಿ. ಇದೊಂದು ಸರಿಯಿದ್ದರೆ ಮಂಡಿಯ ಅರ್ಧ ತಕರಾರು ಇಲ್ಲ.

ಮೊದಲು ಕಲಿಯಬೇಕಾದದ್ದು ವೇಗವನ್ನು ಉಸಿರಿನಿಂದ ಅಳೆಯುವುದನ್ನು. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದ್ದರೆ ನೀವು ಸರಿಯಾದ ವೇಗದಲ್ಲಿದ್ದೀರಿ. ಮಾತು ತುಂಡಾಗತೊಡಗಿದರೆ ಗೇರ್ ಇಳಿಸಿ. ಇದು ಸೋಮಾರಿಗಳ ಸೂತ್ರ ಎನ್ನುವವರಿಗೆ ಬ್ರೆವೆಯ ಲೆಕ್ಕ ಹೇಳಬೇಕು. ಪ್ಯಾರಿಸ್ಸಿನ ಕ್ಲಬ್ಬಿನ ನಿಯಮದಂತೆ ಈಗ ಭಾರತದಲ್ಲೂ ನಡೆಯುವ ಈ ದೂರದ ಸವಾರಿಗಳಲ್ಲಿ 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 600 ಕಿ.ಮೀ.ಗೆ 40 ಗಂಟೆ ಕೊಡುತ್ತಾರೆ. ಚಾ, ಊಟ, ಪಂಕ್ಚರ್, ನಿದ್ದೆ ಎಲ್ಲ ಅದರಲ್ಲೇ ಸೇರಿತು. ಮೊದಲು ಬಂದವರಿಗೆ ಬಹುಮಾನವಿಲ್ಲ, ಕೊನೆಗೆ ಬಂದವರಿಗೆ ಅವಮಾನವೂ ಇಲ್ಲ. ಅಷ್ಟೇಕೆ, ತೀರಾ ಬೇಗ ಬರುವುದಕ್ಕೂ ಅಲ್ಲಿ ಅವಕಾಶವಿಲ್ಲ.

ಇನ್ನು ರಸ್ತೆ. ನಮ್ಮ ಕಡೆಯ ನೆಲ ಹೇಗಿದೆ ನೋಡಿ: ಮೇಲೆ ಮುರಕಲ್ಲಿನ ಬಯಲಾದ ಪದವು, ಕೆಳಗೆ ಅಡಿಕೆ ತೋಟದ ಬೈಲು, ನಡುವೆ ತೋಡು. ರಸ್ತೆ ಪದವಿನಿಂದ ಬೈಲಿಗೆ ಇಳಿಯುತ್ತದೆ, ತೋಡು ದಾಟುತ್ತದೆ, ಮತ್ತೆ ಏರುತ್ತದೆ. ಸುಂಕದಕಟ್ಟೆ ದಾಟಿ ದಕ್ಷಿಣಕ್ಕೆ ಹೋದಂತೆ ಇದೇ ವರಸೆ ಮರಳಿ ಮರಳಿ ಬರುತ್ತದೆ. ಹೊಸಬರು ಏರು ಕಂಡೊಡನೆ ಎದ್ದು ನಿಂತು ತುಳಿಯುತ್ತಾರೆ. ಬೇಗ ಮುಗಿಸಿಬಿಡುವ ಆತುರ. ಹಾಗೆ ಮಾಡಬೇಡಿ, ಏರಿನಲ್ಲೇ ಈ ಸವಾರಿಯ ಸಾರವಿದೆ. ಅತಿ ಸಣ್ಣ ಗೇರಿಗೆ ಬನ್ನಿ, ಕೂತೇ ತುಳಿಯಿರಿ, ಹ್ಯಾಂಡಲಿನ ಹಿಡಿತ ಸಡಿಲಿಸಿ. ಗಂಟೆಗೆ ಏಳೆಂಟು ಕಿಲೋಮೀಟರಿನ ಆ ನಡೆಯಲ್ಲಿ ರಸ್ತೆಗಾಗಿ ಕಡಿದ ದರೆ ಮೊಣಕೈ ಪಕ್ಕದಲ್ಲೇ ಸಾಗುತ್ತದೆ. ಮೇಲಿನ ಮುರಕಲ್ಲು ಕಪ್ಪಾಗಿ ಗಟ್ಟಿ, ಅದರಡಿ ತೂತುತೂತಾದ ಕೆಂಪು, ಇನ್ನೂ ಕೆಳಗೆ ಹಳದಿ ಬೆರೆತ ಮೆತ್ತನೆಯ ಮಣ್ಣು. ನೀರು ಒಸರುವಲ್ಲಿ ಜರಿಗಿಡ, ಹಾವಸೆ. ಕಾರಿನಲ್ಲಿ ಹೋದರೆ ಇದೆಲ್ಲ ಬರಿಯ ಕೆಂಪು ಗೋಡೆ.

ಗೇರ್ ಇಳಿಸಲು ನಾಚುವವರಿಗೆ ಫ್ರಾನ್ಸಿನ ಪೌಲ್ ದ ವಿವೀ ನೆನಪಾಗಲಿ. ವೆಲೋಸಿಯೋ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಆತ 1930ರಲ್ಲಿ ತೀರಿಕೊಳ್ಳುವವರೆಗೂ ಗೇರಿನ ಪರವಾಗಿ ವಾದಿಸಿದ. ಸವಾರಿ ಮಾಡುತ್ತಲೇ ಗೇರ್ ಬದಲಿಸುವ ಡಿರೈಲರಿಗೆ ಟೂರ್ ದ ಫ್ರಾನ್ಸ್ ಪಂದ್ಯದ ಸ್ಪರ್ಧಿಗಳಿಗೆ ಅನುಮತಿ ಸಿಕ್ಕಿದ್ದು 1937ರಲ್ಲಷ್ಟೆ. ಹಸಿಯುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು ಎಂದು ಕಲಿಸಿದವನೂ ಅವನೇ. ನಮ್ಮಲ್ಲಿ ಅದಕ್ಕೇನು ಕೊರತೆ? ಬೆಳಗ್ಗೆ ಹೋಟೆಲಿನಲ್ಲಿ ಸಜ್ಜಿಗೆ-ಅವಲಕ್ಕಿ, ಹತ್ತು ಗಂಟೆಗೆ ಒಂದು ಬೊಂಡ, ಅಂಗಡಿ ಕಂಡಲ್ಲಿ ಉಪ್ಪು ಹಾಕಿದ ಲಿಂಬೆ ಶರಬತ್ತು. ಹೋಟೆಲಿನಲ್ಲಿ ಕೂತಾಗ ಫೋನು ಚೀಲದಲ್ಲೇ ಇರಲಿ. ಒಂದೇ ಬೆಂಚಿನಲ್ಲಿ ತುಳು, ಮಲಯಾಳ, ಬ್ಯಾರಿ, ಕನ್ನಡ ಒಂದರೊಳಗೊಂದು ಹೊಕ್ಕು ಹರಿಯುವುದನ್ನು ಕೇಳುವುದೂ ಸವಾರಿಯ ಭಾಗವೇ.

ಇಳಿಜಾರಿನಲ್ಲಿ ಗಮನವಿಡಬೇಕಾದದ್ದು ಚರ್ಮದ ಕಡೆ. ಪದವಿನ ಬಿಸಿಲಿನಿಂದ ತೋಟದ ನೆರಳಿಗೆ ಬಿದ್ದೊಡನೆ ಮುಂಗೈಗೆ ತಂಪು ತಾಗುತ್ತದೆ. ಸ್ಪ್ರಿಂಕ್ಲರಿನ ಟಿಕ್‌ಟಿಕ್, ಅಂಗಳದಲ್ಲಿ ಹರವಿದ ಹಣ್ಣಡಿಕೆಯ ಹುಳಿಮಿಶ್ರಿತ ವಾಸನೆ. ಕಣ್ಣು ಮಾತ್ರ ರಸ್ತೆಯಿಂದ ಕೀಳಬೇಡಿ. ತಿರುವಿನಾಚೆ ಬಸ್ಸು ಇರಬಹುದು. ಬ್ರೇಕನ್ನು ತಿರುವಿಗೆ ಮೊದಲೇ ಹಿಡಿಯಿರಿ.

ಎರಡು ಗಂಟೆಯ ಸವಾರಿ ಒಗ್ಗಿದ ಮೇಲೆ ಬದಿಯಡ್ಕ, ಮುಳ್ಳೇರಿಯಾ ಕಡೆಗೆ ಬೆಳೆಸಿ. ಮೂರನೆಯ ಗಂಟೆ ಸಾಮಾನ್ಯವಾಗಿ ಬೇಸರದ್ದು. ಬೆನ್ನು ಬಿಗಿಯುತ್ತದೆ, ಯಾಕೆ ಬಂದೆನೋ ಅನಿಸುತ್ತದೆ. ಅಲ್ಲಿ ತಿರುಗಿಬಿಟ್ಟವರು, ನಡುರಾತ್ರಿಗೆ ತೂಕಡಿಸಿ ಬೆಳಗಿನ ಜಾವದ ರಂಗು ತಪ್ಪಿಸಿಕೊಂಡ ಆಟದ ಪ್ರೇಕ್ಷಕರಂತೆ. ಸ್ವಲ್ಪ ತಿಂದು, ಹತ್ತು ನಿಮಿಷ ಕಟ್ಟೆಯ ಮೇಲೆ ಕೂತು ಮತ್ತೆ ಹೊರಡಿ. ನಾಲ್ಕನೆಯ ಗಂಟೆಗೆ ಕಾಲು ತನ್ನಷ್ಟಕ್ಕೆ ತಿರುಗುತ್ತದೆ. ಮನೆಯ ಲೆಕ್ಕಾಚಾರ, ಕಚೇರಿಯ ಜಗಳ ಒಂದೊಂದಾಗಿ ಬಿಟ್ಟುಹೋಗುತ್ತವೆ. ನಾನು ಈ ಸವಾರಿಯನ್ನು ಇಷ್ಟು ಪ್ರೀತಿಸುವುದು ಆ ಹೊತ್ತಿಗಾಗಿ.

ಮಳೆಗಾಲ ನಿಂತು ನವೆಂಬರ್ ಬಂದ ಮೇಲೆ ಶುರುಮಾಡಿ. ಪದವಿನ ಮುಳಿಹುಲ್ಲು ಹೊಂಬಣ್ಣಕ್ಕೆ ತಿರುಗುವ ಕಾಲ ಅದು. ಕರಾವಳಿಯ ಆರು ಪಥದ ಹೆದ್ದಾರಿಗೆ ಆಮೇಲೆ ಬೇಕಾದರೆ ಹೋಗಿ, ಅದೂ ಸರ್ವಿಸ್ ರಸ್ತೆಯಲ್ಲಿ. ಒಂದು ದಾರಿ ಚೆನ್ನಾಗಿ ಪರಿಚಯವಾದ ಮೇಲೆ ಅದನ್ನೇ ಚೇವಾರಿನಿಂದ ನಂದಾರಪದವಿಗೆ ತುಳಿದು ನೋಡಿ. ಇಳಿದದ್ದೆಲ್ಲ ಈಗ ಏರು, ಎಡಗಡೆಯ ದರೆ ಬಲಕ್ಕೆ. ಹೋಗುವಾಗ ಕಾಣದಿದ್ದ ಎಷ್ಟೋ ಮನೆ, ಗುಳಿಗನ ಕಟ್ಟೆ, ಕವಲುದಾರಿ ಆಗ ಎದುರಾಗುತ್ತವೆ.