ಜಾಲಹಳ್ಳಿಗೆ ಬಾರದ ಪಠ್ಯಕ್ರಮ

ಭಾರತ್ ಎಲೆಕ್ಟ್ರಾನಿಕ್ಸ್ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದದ್ದು 1954ರಲ್ಲಿ. ಹತ್ತು ವರ್ಷ ತುಂಬುವ ಹೊತ್ತಿಗೆ, 1964ರಲ್ಲಿ, ಆಕಾಶವಾಣಿಗೆ ಬೇಕಾದ ಟ್ರಾನ್ಸ್‌ಮಿಟರುಗಳು ಇಲ್ಲಿ ತಯಾರಾಗತೊಡಗಿದವು. 1972ರಲ್ಲಿ ಟಿ.ವಿ. ಟ್ರಾನ್ಸ್‌ಮಿಟರುಗಳ ಸರದಿ ಬಂತು. ದೇಶದ ವಿದ್ಯುನ್ಮಾನ ಮತಯಂತ್ರಗಳನ್ನು ತಯಾರಿಸುವುದು ಎರಡೇ ಸಂಸ್ಥೆ, ಅವುಗಳಲ್ಲೊಂದು ಇದು. ರಸ್ತೆ ದಾಟಿ ಪೀಣ್ಯಕ್ಕೆ ಹೋದರೆ ಸಾವಿರಾರು ಸಣ್ಣ ಕಾರ್ಖಾನೆಗಳು, ಗಾರ್ಮೆಂಟ್ಸ್‌ಗಳು, ಶಿಫ್ಟ್ ಬಿಡುವ ಹೊತ್ತಿಗೆ ಬಸ್ಸಿಗೆ ಕಾಯುತ್ತ ಫೋನ್ ನೋಡುವ ಹೆಂಗಸರ ಗುಂಪು, ಜಾಲಹಳ್ಳಿ ಕ್ರಾಸ್‌ನಲ್ಲಿ ಮುಂದಿನ ಆರ್ಡರಿಗಾಗಿ ಬೈಕ್ ನಿಲ್ಲಿಸಿಕೊಂಡ ಡೆಲಿವರಿ ಹುಡುಗರು. ಸಂವಹನ ಯಂತ್ರವನ್ನು ಮಾಡುವವರೂ ಅದರ ಅಂಕೆಯಲ್ಲಿ ದುಡಿಯುವವರೂ ಹೀಗೆ ಒಂದೇ ಜಾಗದಲ್ಲಿ ಸಿಗುವುದು ಅಪರೂಪ.

ಡಿಜಿಟಲ್ ಸಂವಹನ ಮತ್ತು ಸಂಸ್ಕೃತಿಯನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದಿಸುವ ಕೆಲಸ ಬೆಂಗಳೂರಿನಲ್ಲಿ ಬೇರೆ ಬೇರೆ ಹೆಸರುಗಳಲ್ಲಿ ನಡೆಯುತ್ತಿದೆ. ಎಲೆಕ್ಟ್ರಾನಿಕ್ ಮೀಡಿಯಾ, ಮಾಧ್ಯಮ ಅಧ್ಯಯನ, ಡಿಜಿಟಲ್ ಸೊಸೈಟಿ ಎಂದೆಲ್ಲ ಕರೆಯುತ್ತಾರೆ. ನಾನು ನೋಡಿದ ಪಠ್ಯಕ್ರಮಗಳನ್ನೂ ವಿದ್ಯಾರ್ಥಿಗಳ ಪ್ರಬಂಧಗಳನ್ನೂ ಮುಂದಿಟ್ಟುಕೊಂಡು ಹೇಳುವುದಾದರೆ, ಈ ಓದಿನ ಕಣ್ಣಿಗೆ ಜಾಲಹಳ್ಳಿ ಬಿದ್ದೇ ಇಲ್ಲ. ಕನ್ನಡವೂ ಬಿದ್ದಿಲ್ಲ. ಇದು ಸಣ್ಣ ಕೊರತೆಯಲ್ಲ. ಈ ಓದು ಗಟ್ಟಿಯಾಗಬೇಕಾದ ಜಾಗವೇ ಅದು ಎಂಬುದು ನನ್ನ ವಾದ.

ಮೊದಲು ಈ ಓದು ಏಕೆ ಬೇಕು ಎಂಬುದನ್ನು ಹೇಳಿಬಿಡಬೇಕು. ಜಾಲಹಳ್ಳಿಯಲ್ಲಿ ಆಕಾಶವಾಣಿಯ ಯಂತ್ರಗಳು ತಯಾರಾದ ಅದೇ 1964ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ರಿಚರ್ಡ್ ಹೊಗಾರ್ಟ್ ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರ ತೆರೆದರು. ಟಿ.ವಿ. ಒಂದರ್ಥದಲ್ಲಿ ಕಳಿಸಿದ್ದನ್ನು ನೋಡುವವರು ತಮ್ಮ ಬದುಕಿಗೆ ತಕ್ಕಂತೆ ಮತ್ತೊಂದರ್ಥದಲ್ಲಿ ಒಡೆದುಕೊಳ್ಳುತ್ತಾರೆ ಎಂದು ಸ್ಟುವರ್ಟ್ ಹಾಲ್ 1973ರಲ್ಲಿ ವಾದಿಸಿದ್ದು ಅಲ್ಲಿಯೇ. ಅಲ್ಲಿಂದ ಹೊರಟ ದಾರಿ ಈಗ ಸಿಡ್ನಿ ವಿಶ್ವವಿದ್ಯಾಲಯದಂಥ ಕಡೆ ಡಿಜಿಟಲ್ ಸಂವಹನ ಮತ್ತು ಸಂಸ್ಕೃತಿ ಎಂಬ ಹೆಸರಿನದೇ ಪದವಿಯಾಗಿದೆ. ಬೆಂಗಳೂರಿಗೂ ಈ ದಾರಿ ಹೊಸದಲ್ಲ. ಸೆಂಟರ್ ಫಾರ್ ದಿ ಸ್ಟಡಿ ಆಫ್ ಕಲ್ಚರ್ ಅಂಡ್ ಸೊಸೈಟಿ ಸಿನಿಮಾ, ಭಾಷೆ, ಇಂಟರ್ನೆಟ್ಟುಗಳನ್ನು ಗಂಭೀರ ವಿಷಯಗಳೆಂದು ಓದುವ ತಲೆಮಾರನ್ನೇ ಬೆಳೆಸಿತು. ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ ತಾಂತ್ರಿಕ ಸಂಸ್ಥೆಯೇ ಆಗಿದ್ದೂ ಡಿಜಿಟಲ್ ಸೊಸೈಟಿ ಎಂಬ ಎಂ.ಎಸ್ಸಿ. ನಡೆಸುತ್ತಿದೆ. ಕೋಡ್ ಬರೆಯುವವರ ಪಕ್ಕದ ಕೋಣೆಯಲ್ಲೇ ಸಮಾಜ ಓದುವವರನ್ನು ಕೂರಿಸಿದ್ದು ಒಳ್ಳೆಯ ನಿರ್ಧಾರವೆಂದು ನಾನು ನಂಬಿದ್ದೇನೆ.

ಅದು ಏಕೆ ಒಳ್ಳೆಯದು ಎಂಬುದಕ್ಕೆ ನಮ್ಮ ರಾಜ್ಯದ ಮೂರು ಪ್ರಸಂಗಗಳು ಸಾಕು. 2012ರ ಆಗಸ್ಟಿನಲ್ಲಿ, ಅಸ್ಸಾಮಿನ ಗಲಭೆಯ ಹಿಂದೆಯೇ, ಈಶಾನ್ಯದವರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಬೆಂಗಳೂರಿನಲ್ಲಿ ಫೋನಿಂದ ಫೋನಿಗೆ ಹಬ್ಬಿತು. ಸೆಕ್ಯುರಿಟಿ ಗಾರ್ಡುಗಳು, ಹೋಟೆಲ್ ಕೆಲಸದವರು, ವಿದ್ಯಾರ್ಥಿಗಳು ಸಾವಿರ ಸಾವಿರ ಜನ ಗುವಾಹಟಿಯ ರೈಲು ಹತ್ತಿದರು. ಸರ್ಕಾರ ಎಸ್‌ಎಂಎಸ್ ಕಳಿಸುವುದಕ್ಕೆ 5ರ ಮಿತಿ ಹಾಕಿತು. 2018ರ ಮೇನಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳನೆಂಬ ವಾಟ್ಸಾಪ್ ವದಂತಿಗೆ ಹೊರರಾಜ್ಯದಿಂದ ದುಡಿಯಲು ಬಂದ ಯುವಕನೊಬ್ಬ ಬಲಿಯಾದ. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ಕಾರನ್ನು ಜನ ಅಡ್ಡಗಟ್ಟಿ ಹೊಡೆದರು. ಹೈದರಾಬಾದಿನ ಎಂಜಿನಿಯರೊಬ್ಬರು ಸತ್ತರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಸಂದೇಶ ಫಾರ್ವರ್ಡ್ ಮಾಡುವುದನ್ನು 5ಕ್ಕೆ ಇಳಿಸಿತು.

ಆರು ವರ್ಷಗಳ ಅಂತರದಲ್ಲಿ, ಒಮ್ಮೆ ಸರ್ಕಾರ, ಇನ್ನೊಮ್ಮೆ ಕಂಪನಿ, ಎರಡೂ ಸಲ ಉತ್ತರ 5 ಎಂಬ ಅಂಕಿ. ಆ ಅಂಕಿ ವೇಗವನ್ನು ತಗ್ಗಿಸೀತು. ಆದರೆ ಮುರ್ಕಿಯ ಜನ ವದಂತಿಯನ್ನು ನಂಬಿದ್ದೇಕೆ? ಸಂದೇಶ ಕಳಿಸಿದವರು ಅವರಿಗೆ ಯಾರು? ನೆಂಟರೇ, ಪಕ್ಕದ ಹಳ್ಳಿಯ ಗುರುತಿನವರೇ? ವಿಡಿಯೊ ಜೊತೆ ಬಂದ ದನಿ ಯಾವ ಭಾಷೆಯದು? ಹೊರಗಿನವನು ಎಂದರೆ ಆ ಗಡಿನಾಡಿನಲ್ಲಿ ಯಾರು? ಚಾಮರಾಜಪೇಟೆಯ ಪ್ರಶ್ನೆ ಇದೇ ಅಲ್ಲ, ಅಲ್ಲಿ ಕೂಲಿಗೆ ಬಂದವನ ಭಾಷೆ ತಿಳಿಯದ ಬೀದಿ ಇದೆ. ಎಂಜಿನಿಯರ್ ಬಿಡಿಸಲಾಗದ, ಪೊಲೀಸರಿಗೆ ವ್ಯವಧಾನವಿಲ್ಲದ ಪ್ರಶ್ನೆಗಳು ಇವು. ವರ್ಷಗಟ್ಟಲೆ ಒಂದು ಊರಿನಲ್ಲಿ ಕೂತು, ಜನರ ಮಾತು ಕೇಳಿ, ಅರ್ಥ ಕಟ್ಟುವ ವಿದ್ಯೆ ಬೇಕು. ಈ ಪದವಿ ಕೊಡುತ್ತೇನೆ ಎನ್ನುವುದು ಅದನ್ನೇ.

ನಿಜಕ್ಕೂ ಕೊಡುತ್ತಿರುವುದೇನು ಎಂದು ನೋಡಲು ಎರಡನೇ ವರ್ಷದ ಪ್ರಬಂಧಗಳನ್ನು ತಿರುವಬೇಕು. ವಿಷಯಗಳು ಹೆಚ್ಚುಕಡಿಮೆ ಒಂದೇ: ಯುವಜನರ ಮೇಲೆ ಇನ್‌ಸ್ಟಾಗ್ರಾಂ ಪ್ರಭಾವ, ಓಟಿಟಿ ವೀಕ್ಷಣೆ, ಇನ್‌ಫ್ಲುಯೆನ್ಸರ್‌ಗಳ ಮೇಲಿನ ನಂಬಿಕೆ. ವಿಧಾನವೂ ಒಂದೇ. ಇಂಗ್ಲಿಷಿನಲ್ಲಿ ಒಂದು ಗೂಗಲ್ ಫಾರ್ಮ್ ಮಾಡಿ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕುವುದು, ಬಂದ ಉತ್ತರಗಳಿಂದ ಬಣ್ಣದ ವೃತ್ತಗಳನ್ನು ತೆಗೆಯುವುದು, ಅದನ್ನು ಬೆಂಗಳೂರಿನ ಯುವಜನ ಎಂದು ಕರೆಯುವುದು. ಆ ಫಾರ್ಮ್ ತುಂಬುವವರು ಬರೆದವರ ಗೆಳೆಯರೇ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಇಪ್ಪತ್ತೆರಡರ ಹುಡುಗಿಯೂ ಬೆಂಗಳೂರಿನ ಯುವಜನರಲ್ಲೊಬ್ಬಳು. ಆದರೆ ಅನೇಕ ಕಾರ್ಖಾನೆಗಳಲ್ಲಿ ಕೆಲಸದ ವೇಳೆ ಫೋನ್ ಮುಟ್ಟುವಂತಿಲ್ಲ, ಮನೆಗೆ ಬಂದ ಮೇಲೆ ಅಡುಗೆ ಕಾಯುತ್ತಿರುತ್ತದೆ, ಆ ಫಾರ್ಮಿನ ಇಂಗ್ಲಿಷ್ ಅವಳದಲ್ಲ. ಅವಳ ಫೋನ್ ಬಳಕೆಯ ಲಯವೇ ಬೇರೆ: ಬಸ್ಸಿನ ಅರ್ಧ ಗಂಟೆ, ಊರಿನಲ್ಲಿರುವ ಅವ್ವನಿಗೆ ವಿಡಿಯೊ ಕಾಲ್, ಡೇಟಾ ಮುಗಿಯುವ ಮೊದಲು ನಾಲ್ಕು ರೀಲ್ಸ್. ಅದು ಸಂಸ್ಕೃತಿಯಲ್ಲವೆ? ಟಾರ್ಗೆಟ್ ಮುಗಿಸಲು ಹೆಣಗುವ ಕೈಗಳ ಬಿಡುವಿನ ಬಗ್ಗೆ ಒಂದು ಗಟ್ಟಿ ಪ್ರಬಂಧ ಬಂದರೆ ಅದು ಹತ್ತು ಗೂಗಲ್ ಫಾರ್ಮುಗಳಿಗೆ ಮೇಲು.

ವಿದ್ಯಾರ್ಥಿಗಳನ್ನಷ್ಟೇ ದೂರುವುದು ಅನ್ಯಾಯ. ಕ್ಷೇತ್ರಕಾರ್ಯಕ್ಕೆ ಸಮಯ ಕೊಡದ ಸೆಮಿಸ್ಟರ್, ಒಬ್ಬ ಗೈಡಿನ ಕೈಕೆಳಗೆ ಅಷ್ಟೊಂದು ಪ್ರಬಂಧಗಳು, ಕೆಲಸ ಸಿಗಲಿ ಎಂದು ಪಠ್ಯದೊಳಗೆ ನುಸುಳಿದ ಡಿಜಿಟಲ್ ಮಾರ್ಕೆಟಿಂಗ್, ಇವೆಲ್ಲ ಸೇರಿ ಹೀಗಾಗಿದೆ. ಪದವಿ ಹಂತದಲ್ಲೂ ತಳಪಾಯ ಹಾಗೆಯೇ. 2021ರಲ್ಲಿ ರಾಜ್ಯದ ಪದವಿ ಕಾಲೇಜುಗಳಿಗೆ ಬಂದ ‘ಡಿಜಿಟಲ್ ಫ್ಲೂಯೆನ್ಸಿ’ ಪತ್ರಿಕೆ ಕೃತಕ ಬುದ್ಧಿಮತ್ತೆ, ಸೈಬರ್ ಭದ್ರತೆಗಳ ಪರಿಚಯ ಮಾಡಿಸಿತು. ಅದು ಬೇಕಾದದ್ದೇ. ಆದರೆ ಅಷ್ಟನ್ನೇ ಕಲಿತು ಬಂದವರಿಗೆ ಡಿಜಿಟಲ್ ಎಂದರೆ ಸಲಕರಣೆ ಎಂದಷ್ಟೇ ತಲೆಯಲ್ಲಿ ಕೂತಿರುತ್ತದೆ.

ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಕನ್ನಡದ ಗೈರು. ಅಂತರಜಾಲದಲ್ಲಿ ಕನ್ನಡಕ್ಕೊಂದು ಚರಿತ್ರೆಯಿದೆ, ಅದು ಸಣ್ಣದೂ ಅಲ್ಲ. ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸ ಕೊಟ್ಟರು. ಯು.ಬಿ. ಪವನಜ 1996ರಲ್ಲಿ ವಿಶ್ವಕನ್ನಡ ಎಂಬ ಅಂತರಜಾಲ ಪತ್ರಿಕೆ ತಂದರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂತು. ಅಮೆರಿಕದ ಕನ್ನಡ ಕೂಟಗಳಿಂದ ಹಿಡಿದು ಜಿಲ್ಲಾ ಪತ್ರಿಕೆಗಳ ಡಿಟಿಪಿ ಅಂಗಡಿಯವರೆಗೆ ಅದು ಹಬ್ಬಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಸರ್ಕಾರಿ ಕಚೇರಿಗಳನ್ನು ಹೊಕ್ಕಿತು. ಪೂರ್ಣಚಂದ್ರ ತೇಜಸ್ವಿ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಪಟ್ಟು ಹಿಡಿದು ಓಡಾಡಿದರು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಜ್ಞಾನ ಆಯೋಗದ ಮುತುವರ್ಜಿಯಲ್ಲಿ ಶುರುವಾದ ಕಣಜ ಎಂಬ ಕನ್ನಡ ಜ್ಞಾನಕೋಶವನ್ನು ರೂಪಿಸಿದ್ದು ಇದೇ ಎಲೆಕ್ಟ್ರಾನಿಕ್ ಸಿಟಿಯ ಐಐಐಟಿಯಲ್ಲಿ.

ಯುನಿಕೋಡ್ ನೆಲೆಯಾಗುವ ಮೊದಲಿನ ಆ ವರ್ಷಗಳಲ್ಲಿ ಒಂದು ಫಾಂಟಿನಲ್ಲಿ ಟೈಪಿಸಿದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತಿತ್ತು. ಹಾಗೆ ಟೈಪಿಸಿದ ಪುಸ್ತಕಗಳು, ಪತ್ರಿಕೆಗಳು, ಕಡತಗಳು ಎಷ್ಟೋ ಇಂದಿಗೂ ಹುಡುಕುಯಂತ್ರದ ಕೈಗೆ ಸಿಗುವುದಿಲ್ಲ. ಒಂದು ಭಾಷೆಯ ಬರವಣಿಗೆ ಯಂತ್ರಕ್ಕೆ ಕಾಣದಂತಿದ್ದ ಆ ಕಾಲ ಅದರ ಓದುಗರನ್ನು, ಸಂಪಾದಕರನ್ನು, ಡಿಟಿಪಿ ಮಾಡುವವರನ್ನು ಹೇಗೆ ರೂಪಿಸಿತು ಎಂಬುದು ಪಿಎಚ್‌ಡಿಗೆ ಸಾಲುವ ವಿಷಯ. ಫೇಸ್‌ಬುಕ್ಕಿನ ಆಲ್ಗಾರಿದಮ್ ಬಗ್ಗೆ ಅಮೆರಿಕದವರು ಬರೆದ ಪ್ರಬಂಧವನ್ನು ನಮ್ಮ ಮಕ್ಕಳು ಓದಲಿ, ಬೇಡವೆನ್ನುವುದಿಲ್ಲ. ಆದರೆ ಆ ಪಾಠದ ಪಕ್ಕದಲ್ಲಿ ಬರಹ ಮತ್ತು ನುಡಿಯ ಕಥೆ ಇಲ್ಲದಿದ್ದರೆ, ತಂತ್ರಜ್ಞಾನ ಎಲ್ಲೋ ಆಗಿ ಇಲ್ಲಿಗೆ ಬಂದಿಳಿಯುತ್ತದೆ ಎಂಬ ಭಾವನೆ ಅವರಲ್ಲಿ ಗಟ್ಟಿಯಾಗುತ್ತದೆ. ಅದು ಸುಳ್ಳು.

ಕೂ ಆ್ಯಪ್‌ನ ಕಥೆ ಇನ್ನೂ ಹತ್ತಿರದ್ದು. 2020ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಮೊದಲು ಕನ್ನಡದಲ್ಲೇ ಮಾತಾಡಿ, 2024ರ ಜುಲೈಯಲ್ಲಿ ಮುಚ್ಚಿತು. ಸಾಹಿತಿಗಳು, ಮಂತ್ರಿಗಳು, ಸಾಮಾನ್ಯರು ಅಲ್ಲಿ ಕನ್ನಡದಲ್ಲಿ ಬರೆದರು, ಜಗಳವಾಡಿದರು. ಆ ಮಾತಿನ ಗತಿಯೇನು? ಬಂಡವಾಳ ಸಿಗದೆ ಕಂಪನಿ ನಿಂತಿತೆಂಬುದು ವಾಣಿಜ್ಯ ಪುಟದ ಸುದ್ದಿ. ನಾಲ್ಕು ವರ್ಷಗಳ ಕನ್ನಡದ ಸಾರ್ವಜನಿಕ ಮಾತು ಒಂದು ಖಾಸಗಿ ಸರ್ವರಿನ ಆಯುಸ್ಸಿಗೆ ಗಂಟುಬಿದ್ದಿತ್ತು ಎಂಬುದು ಸಂಸ್ಕೃತಿಯ ವಿಷಯ. ಬೆಂಗಳೂರಿನಿಂದಲೇ ನಡೆಯುವ ಪ್ರತಿಲಿಪಿ ಆ್ಯಪ್‌ನಲ್ಲಿ ಧಾರಾವಾಹಿ ಕಥೆ ಬರೆಯುವ, ಓದುವ ಹೆಂಗಸರ ದೊಡ್ಡ ಲೋಕವಿದೆ. ಸಾಹಿತ್ಯ ವಿಮರ್ಶೆ ಅದನ್ನು ಮೂಸಿಯೂ ನೋಡುವುದಿಲ್ಲ. ಮಾಧ್ಯಮ ವಿಭಾಗಗಳೂ ನೋಡದಿದ್ದರೆ ಮತ್ತಾರು ನೋಡಬೇಕು?

ಇನ್ನು ದುಡಿಮೆ. ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಕರ್ನಾಟಕದ ಹಳ್ಳಿಗಳವರಿಂದ ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ, ಅದಕ್ಕೆ ಹಣ ಕೊಟ್ಟು, ಯಂತ್ರಗಳಿಗೆ ಕನ್ನಡ ಕಲಿಸುವ ದತ್ತಾಂಶ ಕೂಡಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯ ಮಾತನ್ನು ಧ್ವನಿಮುದ್ರಿಸುತ್ತಿದೆ. ಹಳ್ಳಿಯ ಹೆಂಗಸಿನ ನಾಲಿಗೆ ಕಚ್ಚಾ ಮಾಲಾಗಿರುವ ಈ ಹೊತ್ತಿನಲ್ಲಿ ಅದರ ಬೆಲೆ ಎಷ್ಟು, ಒಡೆತನ ಯಾರದು, ಯಾವ ಸೀಮೆಯ ಕನ್ನಡ ಯಂತ್ರಕ್ಕೆ ಸರಿಗನ್ನಡವಾಗುತ್ತದೆ ಎಂದು ಕೇಳುವವರು ಈ ತರಗತಿಗಳಿಂದಲೇ ಬರಬೇಕು.

ಜಾಲಹಳ್ಳಿ ಕ್ರಾಸ್‌ನ ಡೆಲಿವರಿ ಹುಡುಗರ ವಿಷಯದಲ್ಲಂತೂ ಈ ಓದಿಗೆ ನೇರ ಕೆಲಸವೇ ಇದೆ. ಐಡಿ ಬ್ಲಾಕ್ ಆದರೆ ಅವರಿಗೆ ಕಾರಣ ತಿಳಿಯುವುದಿಲ್ಲ, ಇನ್ಸೆಂಟಿವ್ ಕಡಿಮೆಯಾದರೆ ಯಾಕೆಂದು ಕೇಳಲು ಎದುರಿಗೆ ಮನುಷ್ಯನಿಲ್ಲ. ಕರ್ನಾಟಕ 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆ ಕಾನೂನು ತಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆಯುವುದರ ಜೊತೆಗೆ, ತಮ್ಮನ್ನು ಅಳೆದು ತೂಗುವ ಸ್ವಯಂಚಾಲಿತ ವ್ಯವಸ್ಥೆಗಳ ಬಗ್ಗೆ ತಿಳಿಯುವ ಹಕ್ಕನ್ನೂ ಅದು ಕಾರ್ಮಿಕರಿಗೆ ಕೊಡುತ್ತದೆ. ಆಲ್ಗಾರಿದಮ್ ಏನು ಮಾಡುತ್ತದೆ ಎಂಬುದನ್ನು ಗುಬ್ಬಿಯಿಂದಲೋ ಸಿಂಧನೂರಿನಿಂದಲೋ ಬಂದ ಹುಡುಗನಿಗೆ ತಿಳಿಯುವ ಕನ್ನಡದಲ್ಲಿ ಬರೆಯಬೇಕಾದವರು ಯಾರು? ಕಂಪನಿಯ ವಕೀಲರೇ ಬರೆದರೆ ಅದು ಯಾರೂ ಓದದ ಷರತ್ತುಗಳ ಇನ್ನೊಂದು ಪುಟವಾಗುತ್ತದೆ. ಯಂತ್ರವೂ ತಿಳಿದ, ಜನರ ಮಾತೂ ತಿಳಿದ ಸ್ನಾತಕೋತ್ತರ ಪದವೀಧರರು ಬೇಕಿರುವುದು ಇಲ್ಲಿ.

ಹಾಗಾಗಿ ವಿಭಾಗಗಳ ಮುಖ್ಯಸ್ಥರಲ್ಲಿ ನನ್ನ ಬೇಡಿಕೆ ಸ್ಪಷ್ಟ. ಕನ್ನಡದ ಡಿಜಿಟಲ್ ಚರಿತ್ರೆಯ ಮೇಲೆ ಒಂದು ಕಡ್ಡಾಯ ಪತ್ರಿಕೆ ಇಡಿ. ಕನ್ನಡದಲ್ಲಿ ಪ್ರಬಂಧ ಬರೆದು ಕನ್ನಡದಲ್ಲೇ ವೈವಾ ಕೊಡಲು ಅವಕಾಶ ಕೊಡಿ. ಒಂದು ಸೆಮಿಸ್ಟರನ್ನು ಪೂರ್ತಿ ಕ್ಷೇತ್ರಕಾರ್ಯಕ್ಕೆ ಬಿಡಿ. ಬರೆದ ಪ್ರಬಂಧಗಳನ್ನು ಕಪಾಟಿನಲ್ಲಿ ಕೂಡಿಡದೆ ಯಾರು ಬೇಕಾದರೂ ಓದುವಂತೆ ಅಂತರಜಾಲದಲ್ಲಿ ಹಾಕಿ. ಇಷ್ಟೂ ಆಗದ ಹೊರತು ಈ ಪದವಿಯನ್ನು ಒಳ್ಳೆಯ ಆಶಯದ ಅರೆಬೆಂದ ಓದು ಎಂದೇ ನಾನು ಕರೆಯುತ್ತೇನೆ. ಈ ವರ್ಷ ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳು ಹಸಿರು ಮಾರ್ಗದ ಮೆಟ್ರೊ ಹತ್ತಿ ಜಾಲಹಳ್ಳಿಯಲ್ಲಿ ಇಳಿಯಲಿ, ಗೂಗಲ್ ಫಾರ್ಮ್ ಇಲ್ಲದೆ, ಕನ್ನಡದಲ್ಲಿ ಕೇಳಲು ಸಿದ್ಧರಾಗಿ.